ಮಳೆಯ ಹುಳಿ, ಮಣ್ಣಿನ ಸುಣ್ಣ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಅಡಿಕೆ ಬೆಳೆಯುವ ಊರುಗಳಲ್ಲಿ ರಸಾಯನಶಾಸ್ತ್ರದ ಪಾಠವು ಶಾಲೆಗಿಂತ ಮೊದಲು ತೋಟದಲ್ಲಿಯೇ ಆರಂಭವಾಗಿರುತ್ತದೆ. ಮುಂಗಾರು ಹಿಡಿಯುವ ಮುನ್ನ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣವನ್ನು ಸಿದ್ಧಪಡಿಸುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕವು ಇಲ್ಲಿ ನೆರೆದಿರುವ ಕೃಷಿಕರಿಗೆಲ್ಲ ಬಾಯಿಪಾಠ. ಬೆರೆಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪುಗಂದು ಲೇಪ ಕೂತಿದ್ದರೆ ದ್ರಾವಣ ಇನ್ನೂ ಹುಳಿಯಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಹುಳಿ ಉಳಿದಿರುವಷ್ಟು ಕಾಲ ತಾಮ್ರವು ನೀರಿನಲ್ಲಿ ಕರಗಿಯೇ ಇರುತ್ತದೆ, ಕಬ್ಬಿಣ ಕಂಡೊಡನೆ ಅದರ ಮೇಲೆ ಬಂದು ಕೂರುತ್ತದೆ. ಅಂಥ ದ್ರಾವಣವನ್ನು ಹೊಡೆದರೆ ಎಳೆಯ ಭಾಗಗಳು ಸುಟ್ಟುಹೋಗುತ್ತವೆ. ಮತ್ತಷ್ಟು ಸುಣ್ಣದ ತಿಳಿ ಸೇರಿಸಿದ ಬಳಿಕ ಅಲಗು ಹೊಳೆಯುತ್ತಲೇ ಹೊರಬರುತ್ತದೆ. ಆಮ್ಲವನ್ನು ಸುಣ್ಣದಿಂದ ತಟಸ್ಥಗೊಳಿಸುವ ಕ್ರಿಯೆ ಇದೇ. ಆಮ್ಲಮಳೆಯ ಸಂಗತಿಯನ್ನು ಅರಿಯಲು ಬೇಕಾದ ಮುಖ್ಯ ಸೂತ್ರವೂ ಇದೇ. ಹುಳಿ ಬಂದಲ್ಲೆಲ್ಲ ಎಲ್ಲಿಂದಲಾದರೂ ಸುಣ್ಣ ವ್ಯಯವಾಗಲೇಬೇಕು. ಅದು ಯಾರ ಸುಣ್ಣ ಎಂಬುದೇ ಇಂದಿನ ವಿಷಯ.

ಮನೆಯೊಳಗೂ ಇಂಥ ಪರೀಕ್ಷೆಗಳುಂಟು. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಆರತಿಯ ಕೆಂಪು ನೀರಾಗುತ್ತದೆ. ಆದರೆ ಅರಿಶಿನವು ಕ್ಷಾರವನ್ನು ಮಾತ್ರ ಗುರುತಿಸುತ್ತದೆ. ನಿಂಬೆರಸ ಹಿಂಡಿದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ಕಿವುಚಿ ತೆಗೆದ ರಸ ಇನ್ನೂ ಉತ್ತಮ. ಅದು ಹುಳಿಗೆ ಗಾಢ ಗುಲಾಬಿಯಾಗಿಯೂ ಸುಣ್ಣದ ತಿಳಿಗೆ ಹಸಿರಾಗಿಯೂ ತಿರುಗುತ್ತದೆ. ಶಾಲೆಯ ಲಿಟ್ಮಸ್ ಕಾಗದದ ಕೆಲಸವೂ ಇಂಥದ್ದೇ. ಇವು ಹುಳಿ ಅಥವಾ ಕ್ಷಾರ ಇದೆಯೋ ಇಲ್ಲವೋ ಎಂದು ಹೇಳಬಲ್ಲವು. ಎಷ್ಟಿದೆ ಎಂದು ಹೇಳಲಾರವು.

ಎಷ್ಟಿದೆ ಎಂಬುದಕ್ಕೆ ಅಳತೆಗೋಲನ್ನು ಕೊಟ್ಟವರು ಡೆನ್ಮಾರ್ಕಿನ ಸೋರೆನ್ಸೆನ್. ಕೋಪನ್‌ಹೇಗನ್ನಿನಲ್ಲಿ ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಅವರು ಕಿಣ್ವಗಳನ್ನು ಕುರಿತು ಅಧ್ಯಯನ ನಡೆಸುತ್ತಿದ್ದರು. ಕಿಣ್ವಗಳ ಕೆಲಸವು ದ್ರಾವಣದ ಹುಳಿಯ ಪ್ರಮಾಣವನ್ನು ಅವಲಂಬಿಸಿರುವುದರಿಂದ ಅದನ್ನು ಸರಳವಾದ ಅಂಕಿಯಲ್ಲಿ ಬರೆಯುವ ಅಗತ್ಯ ಬಿದ್ದಿತು. 1909ರಲ್ಲಿ ಅವರು ಸೂಚಿಸಿದ ಅಂಕಿಯೇ ಪಿಎಚ್.

ಪಠ್ಯಪುಸ್ತಕದಲ್ಲಿ ಲಾಗರಿತಮ್ ಎಂಬ ಶಬ್ದ ಕಂಡೊಡನೆ ವಿದ್ಯಾರ್ಥಿಗಳು ಈ ಪುಟವನ್ನು ಮಗುಚಿಬಿಡುತ್ತಾರೆ. ವಾಸ್ತವವಾಗಿ ಇದು ಸೊನ್ನೆಗಳನ್ನು ಎಣಿಸುವ ಲೆಕ್ಕ. ಹುಳಿ ಎಂಬುದು ನೀರಿನಲ್ಲಿ ಬಿಡುಗಡೆಯಾದ ಜಲಜನಕದ ಅಯಾನುಗಳ ಗುಣ. ಶುದ್ಧ ನೀರಿನಲ್ಲಿಯೂ ಇವು ಅತ್ಯಲ್ಪವಾಗಿ ಇರುತ್ತವೆ. ಒಂದು ಗ್ರಾಮಿನಷ್ಟು ಜಲಜನಕದ ಅಯಾನು ದೊರೆಯಬೇಕಾದರೆ ಒಂದು ಕೋಟಿ ಲೀಟರ್ ಶುದ್ಧ ನೀರು ಬೇಕು. ಒಂದು ಕೋಟಿಗೆ ಏಳು ಸೊನ್ನೆ. ಆದ್ದರಿಂದ ಶುದ್ಧ ನೀರಿನ ಪಿಎಚ್ 7. ಹತ್ತು ಲಕ್ಷ ಲೀಟರಿನಲ್ಲಿಯೇ ಆ ಒಂದು ಗ್ರಾಂ ಸಿಕ್ಕಿದರೆ ಆರು ಸೊನ್ನೆ, ಪಿಎಚ್ 6. ಒಂದು ಲಕ್ಷ ಲೀಟರಿನಲ್ಲಿ ಸಿಕ್ಕಿದರೆ 5. ಹತ್ತು ಸಾವಿರ ಲೀಟರಿನಲ್ಲಿ ಸಿಕ್ಕಿದರೆ 4. ನಿಂಬೆರಸದಲ್ಲಿ ನೂರು ಲೀಟರಿಗೇ ಸರಿಸುಮಾರು ಒಂದು ಗ್ರಾಂ. ಅದರ ಪಿಎಚ್ 2ರ ಆಸುಪಾಸು. ಹುಳಿ ಹೆಚ್ಚಿದಂತೆ ಅಂಕಿ ಏಕೆ ಇಳಿಯುತ್ತದೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಹುಳಿ ದಟ್ಟವಾದಷ್ಟೂ ಆ ಒಂದು ಗ್ರಾಮಿಗಾಗಿ ಸೋಸಬೇಕಾದ ನೀರು ಕಡಿಮೆ, ಸೊನ್ನೆಗಳೂ ಕಡಿಮೆ. 7ರಿಂದ ಮೇಲೆ 14ರವರೆಗೆ ಕ್ಷಾರದ ರಾಜ್ಯ. ಸುಣ್ಣದ ತಿಳಿ 12ನ್ನು ದಾಟುತ್ತದೆ.

ಈ ಅಳತೆಗೋಲಿನಲ್ಲಿ ಒಂದು ಮೋಸವೂ ಅಡಗಿದೆ. ಪಿಎಚ್ 5.6 ಇದ್ದದ್ದು 4.6ಕ್ಕೆ ಇಳಿಯಿತೆಂದು ವರದಿಯಲ್ಲಿ ಓದಿದಾಗ ಅದು ಅಲ್ಪ ಬದಲಾವಣೆಯೆಂಬಂತೆ ತೋರುತ್ತದೆ. ಒಂದು ಸೊನ್ನೆ ಕಳಚಿದೆ ಎಂದರೆ ಹುಳಿ ಹತ್ತು ಪಟ್ಟು ಏರಿದೆ ಎಂದೇ ಅರ್ಥ. 4.2ಕ್ಕೆ ಇಳಿದರೆ ಇಪ್ಪತ್ತೈದು ಪಟ್ಟು. ಕೈಗಾರಿಕೆಗಳ ವರದಿಗಳನ್ನು ಓದುವವರು ದಶಾಂಶ ಬಿಂದುವಿನ ಆಚೆಗಿನ ಅಂಕಿಯನ್ನು ನಿರ್ಲಕ್ಷಿಸಲಾಗದು.

ಹಾಗಾದರೆ ಮಳೆಯ ಪಿಎಚ್ 7 ಇರಬೇಕಲ್ಲವೇ? ಇರುವುದಿಲ್ಲ. ಹನಿಯು ಇಳಿಯುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲವಾದ ಕಾರ್ಬಾನಿಕ್ ಆಮ್ಲವನ್ನು ತಯಾರಿಸಿಕೊಳ್ಳುತ್ತದೆ. ಸೋಡಾದ ಚುರುಕಿಗೆ ಕಾರಣವಾದ ಆಮ್ಲವೇ ಅದು. ಯಾವ ಹೊಗೆಯೂ ಸೋಂಕದ ಮಳೆಯ ಪಿಎಚ್ ಈ ಕಾರಣದಿಂದ ಸುಮಾರು 5.6. ಗುಡುಗು ಸಿಡಿಲು ಕೂಡ ಪಾಲು ಸೇರಿಸುತ್ತವೆ. ಮಿಂಚಿನ ಕಾವಿಗೆ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಕಡೆಗೆ ನೈಟ್ರಿಕ್ ಆಮ್ಲವಾಗಿ ಹನಿಯೊಡನೆ ಇಳಿಯುತ್ತವೆ. ಆದ್ದರಿಂದ ಮಳೆ ಹುಳಿಯಾಗಿದೆ ಎಂಬ ಮಾತ್ರಕ್ಕೆ ಗಾಬರಿಗೊಳ್ಳಬೇಕಾದ್ದಿಲ್ಲ. 5.6ಕ್ಕಿಂತ ಎಷ್ಟು ಕೆಳಗೆ, ಯಾರಿಂದ ಎಂಬುದನ್ನು ಕೇಳಬೇಕು.

ಕಲ್ಲಿದ್ದಲಿನಲ್ಲಿ ಗಂಧಕವಿದೆ. ಉರಿದಾಗ ಅದು ಗಂಧಕದ ಡೈಆಕ್ಸೈಡ್ ಆಗುತ್ತದೆ. ಗಾಳಿಯಲ್ಲಿ ಅದು ಬಿಸಿಲಿನಿಂದ ಹುಟ್ಟಿದ ಚುರುಕಾದ ಕಣಗಳೊಡನೆ ಸೇರಿ, ಮೋಡದ ಹನಿಯೊಳಗಾದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಓಜೋನುಗಳೊಡನೆ ಸೇರಿ, ಗಂಧಕಾಮ್ಲವಾಗುತ್ತದೆ. ಬಾಯ್ಲರಿನ ಮತ್ತು ವಾಹನಗಳ ಎಂಜಿನ್ನಿನ ತೀವ್ರ ಕಾವಿನಲ್ಲಿ ಮಿಂಚು ಮಾಡುವ ಕೆಲಸವೇ ಸತತವಾಗಿ ನಡೆದು ನೈಟ್ರಿಕ್ ಆಮ್ಲ ಹುಟ್ಟುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸಾಮಾನ್ಯವಾಗಿ ಶೇಕಡಾ ಅರ್ಧದಷ್ಟು ಮಾತ್ರ ಎಂಬ ಸಮಾಧಾನವನ್ನು ಅಧಿಕೃತ ವಲಯಗಳಲ್ಲಿ ಪದೇ ಪದೇ ಹೇಳಲಾಗುತ್ತದೆ. ಮಾತು ನಿಜ. ಆದರೆ ಲೆಕ್ಕ ಹಾಕಿ ನೋಡಬೇಕು. ಸಾವಿರ ಟನ್ ಕಲ್ಲಿದ್ದಲಿನಲ್ಲಿ ಅರ್ಧ ಶೇಕಡಾ ಎಂದರೆ ಐದು ಟನ್ ಗಂಧಕ. ಅದು ಉರಿದರೆ ಹತ್ತು ಟನ್ ಡೈಆಕ್ಸೈಡ್; ಪೂರ್ತಿ ಆಮ್ಲವಾದರೆ ಹದಿನೈದು ಟನ್ನಿಗೂ ಮಿಕ್ಕಿದ ಗಂಧಕಾಮ್ಲ. ಈ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಶಾಖ ಕಡಿಮೆ. ಅಷ್ಟೇ ವಿದ್ಯುತ್ತಿಗೆ ಹೆಚ್ಚು ಟನ್ ಸುಡಬೇಕಾಗುತ್ತದೆ ಎಂಬುದನ್ನು ಆ ಸಮಾಧಾನದ ಜೊತೆಗೆ ಯಾರೂ ಹೇಳುವುದಿಲ್ಲ.

ಹೊಗೆಯಿಂದ ಮಳೆ ಹುಳಿಯಾಗುವುದನ್ನು ಜನ ಇಂದು ನಿನ್ನೆ ಕಂಡದ್ದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಮಳೆನೀರನ್ನು ರಾಬರ್ಟ್ ಆಂಗಸ್ ಸ್ಮಿತ್ ಪರೀಕ್ಷಿಸಿ ವರದಿ ಮಾಡಿದ್ದು 1852ರಲ್ಲಿ. ಆಮ್ಲಮಳೆ ಎಂಬ ಹೆಸರು ಅವರ 1872ರ ಗ್ರಂಥದಿಂದ ಬಂದಿತು. ಆದರೆ ಆಗ ಅದು ಚಿಮಣಿಯ ಕೆಳಗಿನ ಊರಿನ ತೊಂದರೆಯೆಂದೇ ತಿಳಿಯಲಾಗಿತ್ತು. ಗಾಳಿಯು ಆಮ್ಲವನ್ನು ದೇಶದಿಂದ ದೇಶಕ್ಕೆ ಹೊರುತ್ತದೆ ಎಂಬುದನ್ನು 1967ರಲ್ಲಿ ಸ್ವೀಡನ್ನಿನ ಮಣ್ಣಿನ ವಿಜ್ಞಾನಿ ಸ್ವಾಂಟೆ ಓಡೆನ್ ದಿನಪತ್ರಿಕೆಯೊಂದರಲ್ಲಿ ಬರೆದು ಗದ್ದಲವೆಬ್ಬಿಸಿದರು. ಸ್ವೀಡನ್, ನಾರ್ವೆಗಳ ಸರೋವರಗಳಲ್ಲಿ ಮೀನುಗಳು ಇಲ್ಲವಾಗುತ್ತಿದ್ದವು. ಆ ಹುಳಿಯ ದೊಡ್ಡ ಪಾಲು ಬ್ರಿಟನ್ನಿನ ಮತ್ತು ಮಧ್ಯ ಯೂರೋಪಿನ ಕಲ್ಲಿದ್ದಲಿನದಾಗಿತ್ತು. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದಲ್ಲಿ ಸ್ವೀಡನ್ ಈ ಪ್ರಕರಣವನ್ನು ಜಗತ್ತಿನ ಮುಂದಿಟ್ಟಿತು.

ಅದೇ 1972ರಲ್ಲಿ ಕೆನಡಾದ ಸಡ್‌ಬರಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಗುಡ್ಡಗಾಡಿನಲ್ಲಿ ವಾಸಿಸುವವರು ಅದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಲ್ಲಿ ಗಂಧಕ ಬೆರೆತ ನಿಕ್ಕಲ್ ಮತ್ತು ತಾಮ್ರದ ಅದಿರನ್ನು ಬಹುಕಾಲದಿಂದ ಕರಗಿಸುತ್ತಿದ್ದರು. ಮೊದಮೊದಲು ಬಯಲಿನಲ್ಲಿ ಕಟ್ಟಿಗೆ ಒಟ್ಟಿ ಅದರ ಮೇಲೆ ಅದಿರು ಹರಡಿ ಬೇಯಿಸಿದರು. ಸುತ್ತಲ ಕಾಡು ಕಟ್ಟಿಗೆಗಾಗಿ ಕಡಿದುಹೋಯಿತು, ಉಳಿದದ್ದು ಹೊಗೆಗೆ ಸತ್ತಿತು. ಮಣ್ಣು ತೊಳೆದುಹೋಗಿ ಗುಡ್ಡಗಳು ಕಪ್ಪು ಬಂಡೆಗಳಾಗಿ ನಿಂತವು. ಊರಿನ ಗಾಳಿಯನ್ನು ಶುದ್ಧಗೊಳಿಸಲು 1972ರಲ್ಲಿ ಕಂಡುಕೊಂಡ ಉಪಾಯವೆಂದರೆ 381 ಮೀಟರ್ ಎತ್ತರದ ಚಿಮಣಿ. ಊರಿನ ಗಾಳಿ ತಿಳಿಯಾಯಿತು. ಆದರೆ ಹೊಗೆ ಮಾಯವಾಗಿರಲಿಲ್ಲ. ಎತ್ತರಕ್ಕೆ ಏರಿ, ಬಹುದೂರ ಸಾಗಿ, ಇತರರ ಸರೋವರಗಳಿಗೆ ಇಳಿಯಿತು. ಎತ್ತರದ ಚಿಮಣಿಯು ಹುಳಿಯನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ವಿಳಾಸವನ್ನು ಮಾತ್ರ ಬದಲಿಸುತ್ತದೆ. ಕಡೆಗೆ ಕಾನೂನಿನ ಒತ್ತಾಯಕ್ಕೆ ಗಂಧಕವನ್ನು ಹಿಡಿದಿಡುವ ವ್ಯವಸ್ಥೆಗಳು ಬಂದ ಮೇಲೆ ಆ ಚಿಮಣಿಯೇ ಅನಗತ್ಯವಾಗಿ 2020ರಲ್ಲಿ ಅದರ ಬಳಕೆ ನಿಂತಿತು. ಗುಡ್ಡಗಳ ಮೇಲೆ 1978ರಿಂದ ಊರಿನ ಜನರೂ ವಿದ್ಯಾರ್ಥಿಗಳೂ ಚೀಲ ಹೊತ್ತು ಸುಣ್ಣಕಲ್ಲಿನ ಪುಡಿಯನ್ನು ಕೈಯಾರೆ ಎರಚಿದರು, ಹುಲ್ಲು ಬಿತ್ತಿದರು, ಬಳಿಕ ಸಸಿ ನೆಟ್ಟರು. ಈವರೆಗೆ ನೆಟ್ಟ ಸಸಿಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಸುಣ್ಣ ಮೊದಲು, ಗಿಡ ಅನಂತರ ಎಂಬ ಕ್ರಮವನ್ನು ಗಮನಿಸಬೇಕು.

ವಿದ್ಯಾರ್ಥಿಯೊಬ್ಬ ಇಲ್ಲಿ ಒಂದು ಪ್ರಶ್ನೆಯನ್ನು ನ್ಯಾಯವಾಗಿಯೇ ಕೇಳಬಹುದು. ದಿನವೂ ಕುಡಿಯುವ ಮಜ್ಜಿಗೆಯ ಪಿಎಚ್ 4.5ರ ಸುಮಾರಿಗೆ ಇರುತ್ತದೆ. ಅಷ್ಟೇ ಹುಳಿಯ ಮಳೆ ಬಿದ್ದರೆ ಏನು ಕೇಡು? ಉತ್ತರವಿರುವುದು ಮೊತ್ತದಲ್ಲಿ. ಮಜ್ಜಿಗೆ ಒಂದು ಲೋಟ. ಮಳೆಯಾದರೋ, ಒಂದು ಮಿಲಿಮೀಟರ್ ಬಿದ್ದರೆ ಒಂದು ಹೆಕ್ಟೇರಿಗೆ ಹತ್ತು ಸಾವಿರ ಲೀಟರ್. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಏಳು ಸಾವಿರವೆಂದೇ ಹಿಡಿದರೂ ಹೆಕ್ಟೇರಿಗೆ ಏಳು ಕೋಟಿ ಲೀಟರ್. ಅಷ್ಟು ಮಳೆಯ ಪಿಎಚ್ 4.2 ಇರುವುದಾದರೆ, ಅದು ತರುವ ಹುಳಿಯನ್ನು ತಟಸ್ಥಗೊಳಿಸಲು ಪ್ರತಿ ಹೆಕ್ಟೇರಿಗೆ ಪ್ರತಿ ವರ್ಷ ಸುಮಾರು 220 ಕಿಲೋ ಸುಣ್ಣಕಲ್ಲು ಬೇಕು. 5.6 ಇದ್ದರೆ ಒಂಬತ್ತು ಕಿಲೋ ಕೂಡ ಬೇಡ. ಆಗುಂಬೆಯ ಮಳೆ 4.2 ಇದೆ ಎಂದು ಇದರ ಅರ್ಥವಲ್ಲ. ಮಳೆ ಹೆಚ್ಚಾದ ನಾಡಿಗೆ ಪಿಎಚ್‌ನ ಸಣ್ಣ ಇಳಿತವೂ ಎಷ್ಟು ದುಬಾರಿಯಾದೀತೆಂಬುದಕ್ಕೆ ಇದೊಂದು ಲೆಕ್ಕ.

ತೋಟಕ್ಕಾದರೆ ರೈತ ಸುಣ್ಣ ಕೊಡುತ್ತಾನೆ. ಸೊಪ್ಪಿನ ಬೆಟ್ಟಕ್ಕೂ ಕಾಡಿಗೂ ಕೊಡುವವರಾರು? ಅಲ್ಲಿ ಮಣ್ಣು ತನ್ನ ಗಂಟನ್ನೇ ಬಿಚ್ಚಬೇಕು. ಜೇಡಿಯ ಕಣಗಳೂ ಕೊಳೆತ ತರಗೆಲೆಯ ಕಪ್ಪು ಮಣ್ಣೂ ತಮ್ಮ ಮೈಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಹಿಡಿದುಕೊಂಡಿರುತ್ತವೆ. ಬೇರುಗಳು ಉಣ್ಣುವುದು ಇದನ್ನೇ. ಮಳೆಯೊಡನೆ ಇಳಿದ ಜಲಜನಕದ ಅಯಾನು ಅವನ್ನು ಸರಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಜಾಗ ಕಳೆದುಕೊಂಡ ಕ್ಯಾಲ್ಸಿಯಂ ಹಳ್ಳದ ಪಾಲಾಗುತ್ತದೆ. ಗಂಟು ಇರುವ ತನಕ ಹಳ್ಳದ ನೀರಿನಲ್ಲಿ ಯಾವ ಏರುಪೇರೂ ಕಾಣುವುದಿಲ್ಲ. ತೀರಿದ ಬಳಿಕ, ಮಣ್ಣಿನ ಪಿಎಚ್ 5ರಿಂದ ಕೆಳಗಿಳಿದಾಗ, ಅಲ್ಲಿಯವರೆಗೆ ಕಣಗಳಲ್ಲಿ ಬಂಧಿಯಾಗಿದ್ದ ಅಲ್ಯೂಮಿನಿಯಂ ಕರಗಲು ತೊಡಗುತ್ತದೆ. ಅದು ಬೇರಿನ ತುದಿಯನ್ನು ಮೊಟಕುಗೊಳಿಸುತ್ತದೆ. ಹೊಳೆಗೆ ಇಳಿದರೆ ಮೀನಿನ ಕಿವಿರುಗಳಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ಸ್ವೀಡನ್ನಿನ ಮೀನುಗಳನ್ನು ಕೊಂದದ್ದರಲ್ಲಿ ಹುಳಿಯಷ್ಟೇ ಪಾಲು ಈ ಅಲ್ಯೂಮಿನಿಯಮ್ಮಿನದು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬಾರ್ಡ್ ಬ್ರೂಕ್ ಎಂಬ ಬೆಟ್ಟದ ಕಾಡಿನಲ್ಲಿ ಈ ಗಂಟಿನ ಲೆಕ್ಕವನ್ನು ದಶಕಗಳ ಕಾಲ ಬರೆದಿಡಲಾಗಿದೆ. ಜೀನ್ ಲೈಕೆನ್ಸ್ ಮತ್ತು ಸಂಗಡಿಗರು 1963ರಲ್ಲಿ ಅಲ್ಲಿಯ ಮಳೆನೀರನ್ನು ಪರೀಕ್ಷಿಸಿದಾಗ ಪಿಎಚ್ 4ರ ಸುಮಾರಿಗೆ ಇತ್ತು. 1970ರ ಮತ್ತು 1990ರ ವಾಯು ಕಾನೂನುಗಳ ಬಳಿಕ ಮಳೆ ಸುಧಾರಿಸಿತು. ಕಾಡೂ ಹಳ್ಳವೂ ಅದೇ ವೇಗದಲ್ಲಿ ಸುಧಾರಿಸಲಿಲ್ಲ. ಆಮ್ಲಮಳೆಯ ದಶಕಗಳಲ್ಲಿ ಮಣ್ಣಿನಲ್ಲಿ ಲಭ್ಯವಿದ್ದ ಕ್ಯಾಲ್ಸಿಯಂನ ದೊಡ್ಡ ಪಾಲು ತೊಳೆದುಹೋಗಿತ್ತು. ಬಂಡೆ ಸವೆದು ಅದನ್ನು ಮರಳಿ ತುಂಬಿಕೊಡುವ ಕೆಲಸ ಅತಿ ನಿಧಾನ. ಈ ಕಾರಣವನ್ನು ಪರೀಕ್ಷಿಸಲು 1999ರ ಅಕ್ಟೋಬರಿನಲ್ಲಿ ಒಂದು ಜಲಾನಯನದ ಮೇಲೆ ಕ್ಯಾಲ್ಸಿಯಂ ಇರುವ ಖನಿಜದ ಪುಡಿಯನ್ನು ಹೆಲಿಕಾಪ್ಟರಿನಿಂದ ಚೆಲ್ಲಲಾಯಿತು. ಅಲ್ಲಿಯ ಮೇಪಲ್ ಮರಗಳು ಚೇತರಿಸಿಕೊಂಡವು. ಪಕ್ಕದ ಜಲಾನಯನದಲ್ಲಿ ಹಾಗಾಗಲಿಲ್ಲ. ಹೊಗೆ ನಿಂತ ಮರುದಿನವೇ ಹಾನಿಯೂ ನಿಲ್ಲುತ್ತದೆಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಸಿಗಲಾರದು.

ಪಶ್ಚಿಮಘಟ್ಟದ ಮಣ್ಣು ಈ ದೃಷ್ಟಿಯಲ್ಲಿ ಬಡವ. ಸಹಸ್ರಾರು ವರ್ಷಗಳ ಮಳೆ ಅದರ ಸುಣ್ಣವನ್ನು ಆಗಲೇ ತೊಳೆದಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಕೆಂಪು ಜಂಬಿಟ್ಟಿಗೆ ಮಣ್ಣು. ಮಲೆನಾಡಿನ ತೋಟದ ಮಣ್ಣನ್ನು ಪರೀಕ್ಷೆಗೆ ಕಳಿಸಿದವರಿಗೆ ಹುಳಿಮಣ್ಣು, ಸುಣ್ಣ ಹಾಕಿ ಎಂಬ ಸಲಹೆ ಬಂದಿರುವುದು ಸಾಮಾನ್ಯ. ಇದು ಹೊಗೆಯ ದೋಷವಲ್ಲ, ನೆಲದ ಸ್ವಭಾವ. ಇಂಥ ನೆಲಕ್ಕೆ ಅಮೋನಿಯಂ ಸಲ್ಫೇಟ್, ಯೂರಿಯಾಗಳನ್ನು ಎಗ್ಗಿಲ್ಲದೆ ಸುರಿಯುವುದೂ ಹುಳಿಯನ್ನು ಏರಿಸುತ್ತದೆಂಬುದನ್ನು ಹೇಳದೆ ಚಿಮಣಿಯನ್ನು ಮಾತ್ರ ದೂರುವುದು ಪ್ರಾಮಾಣಿಕತೆಯಲ್ಲ.

ಉತ್ತರದ ಬಯಲುಸೀಮೆಯ ಸಂಗತಿ ಬೇರೆ. ಅಲ್ಲಿಯ ಗಾಳಿಯಲ್ಲಿ ಸುಣ್ಣದಂಶವಿರುವ ಧೂಳು ಯಥೇಚ್ಛವಾಗಿದೆ. ಅದು ಮೋಡದಲ್ಲಿಯೇ ಹುಳಿಯನ್ನು ಕೊಂದುಬಿಡುವುದರಿಂದ ಭಾರತದಲ್ಲಿ ಆಮ್ಲಮಳೆಯ ಭಯವಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಹವಾಮಾನ ಇಲಾಖೆಯೂ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯೂ 1987ರಿಂದ 2021ರವರೆಗೆ ಹತ್ತು ಕೇಂದ್ರಗಳಲ್ಲಿ ಸಂಗ್ರಹಿಸಿದ ಮಳೆನೀರಿನ ದಾಖಲೆ ಈ ನೆಮ್ಮದಿಯನ್ನು ಅಲುಗಿಸಿದೆ. ಬಹುತೇಕ ಕೇಂದ್ರಗಳಲ್ಲಿ ಪಿಎಚ್ ಇಳಿಮುಖವಾಗಿದೆ. ಥಾರ್ ಮರುಭೂಮಿಯ ಧೂಳು ಜೋಧಪುರದಂಥ ಕಡೆ ರಕ್ಷಣೆ ಕೊಡುತ್ತಿದ್ದರೆ, ವಿಶಾಖಪಟ್ಟಣ, ಪ್ರಯಾಗರಾಜ್, ಅಸ್ಸಾಮಿನ ಮೋಹನ್‌ಬಾಡಿಗಳಲ್ಲಿ ಮಳೆ ಹುಳಿಯಾಗುತ್ತ ಬಂದಿದೆ. ಮುಂಗಾರಿನಲ್ಲಿ ಘಟ್ಟಕ್ಕೆ ಗಾಳಿ ಬರುವುದು ಸಮುದ್ರದ ಕಡೆಯಿಂದ. ಆ ಗಾಳಿಯಲ್ಲಿ ಥಾರಿನ ಧೂಳಿಲ್ಲ. ಘಟ್ಟದ ಬುಡದಲ್ಲಿ, ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ, ಆಮದು ಕಲ್ಲಿದ್ದಲಿನಿಂದ ನಡೆಯುವ 1200 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಿದೆ. ಅದಕ್ಕೂ ಬೆಟ್ಟಕ್ಕೂ ನಡುವೆ ತಡೆಯೇನೂ ಇಲ್ಲ.

ಚಿಮಣಿಯಲ್ಲಿಯೇ ಗಂಧಕವನ್ನು ಹಿಡಿಯುವ ವಿಧಾನವು ಹೊಸದಲ್ಲ, ಕಷ್ಟದ್ದೂ ಅಲ್ಲ. ಸುಣ್ಣಕಲ್ಲಿನ ತೆಳು ಗೊಜ್ಜನ್ನು ಹೊಗೆಯ ಮೇಲೆ ಸಿಂಪಡಿಸಿದರೆ ಗಂಧಕವು ಜಿಪ್ಸಂ ಆಗಿ ಕೆಳಗೆ ಕೂರುತ್ತದೆ. ಬೋರ್ಡೋ ದ್ರಾವಣದ ಪಾತ್ರೆಯಲ್ಲಿ ನಡೆಯುವುದೂ ಇಂಥದ್ದೇ. ಹಾಗೆ ಮಾಡಿದರೆ ಸುಣ್ಣದ ಖರ್ಚು ವಿದ್ಯುತ್ ಉತ್ಪಾದಕರದು. ಮಾಡದಿದ್ದರೆ ಅದೇ ಖರ್ಚನ್ನು ಗಾಳಿ ಹೋದ ದಿಕ್ಕಿನ ಮಣ್ಣು ತೆರುತ್ತದೆ. ಭಾರತ ಸರ್ಕಾರವು 2015ರ ಡಿಸೆಂಬರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಗಂಧಕದ ಡೈಆಕ್ಸೈಡಿನ ಮಿತಿಯನ್ನು ವಿಧಿಸಿ ಎರಡು ವರ್ಷದ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈಯಲ್ಲಿ ಹೊರಟ ಅಧಿಸೂಚನೆಯು ಮುಕ್ಕಾಲು ಪಾಲಿಗಿಂತ ಹೆಚ್ಚು ಘಟಕಗಳಿಗೆ ಆ ಮಿತಿಯಿಂದಲೇ ವಿನಾಯಿತಿ ನೀಡಿತು. ಕಟ್ಟುನಿಟ್ಟು ಉಳಿದದ್ದು ರಾಜಧಾನಿ ವಲಯ ಅಥವಾ ಹತ್ತು ಲಕ್ಷಕ್ಕೂ ಮಿಕ್ಕಿ ಜನಸಂಖ್ಯೆಯ ನಗರದಿಂದ ಹತ್ತು ಕಿಲೋಮೀಟರಿನೊಳಗೆ ಇರುವ ಘಟಕಗಳಿಗೆ. ತೀವ್ರ ಮಲಿನ ಪ್ರದೇಶಗಳ ಮತ್ತು ಗಾಳಿಯ ಗುಣಮಟ್ಟ ಕೆಟ್ಟ ನಗರಗಳ ಸಮೀಪದವನ್ನು ಒಂದೊಂದಾಗಿ ಪರಿಶೀಲಿಸಲಾಗುವುದು. ಉಳಿದವಕ್ಕೆ ಇಟ್ಟ ಷರತ್ತೆಂದರೆ ಚಿಮಣಿಯು ನಿಗದಿತ ಎತ್ತರವಿರಬೇಕು ಎಂಬುದು. ಸಡ್‌ಬರಿ 1972ರಲ್ಲಿ ಕಂಡುಕೊಂಡ ಉಪಾಯವೇ ಇದು. ಈ ವರ್ಗೀಕರಣದಲ್ಲಿ ಅಳೆದದ್ದು ಚಿಮಣಿಯಿಂದ ನಗರಕ್ಕಿರುವ ದೂರವನ್ನು. ಗಾಳಿಯ ದಿಕ್ಕಿನಲ್ಲಿರುವ ಮಣ್ಣಿನಲ್ಲಿ ಎಷ್ಟು ಸುಣ್ಣ ಉಳಿದಿದೆ ಎಂಬುದನ್ನಲ್ಲ.

ಈ ಲೆಕ್ಕವನ್ನು ಬೆಟ್ಟದ ಊರಿನ ಶಾಲೆಗಳೇ ಇಡಬಹುದು. ಖರ್ಚು ಹೆಚ್ಚಿಲ್ಲ, ಶಿಸ್ತು ಬೇಕು. ಮಳೆನೀರು ಹಿಡಿಯಲು ಚೆನ್ನಾಗಿ ತೊಳೆದ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಮಣ್ಣಿನ ಅಥವಾ ಲೋಹದ ಪಾತ್ರೆ ಅಂಕಿಯನ್ನು ಕೆಡಿಸುತ್ತದೆ. ಮರದ ಕೆಳಗೆ, ಹಂಚಿನ ಮಾಡಿನ ಹತ್ತಿರ, ಅಡುಗೆಮನೆಯ ಹೊಗೆ ತಾಗುವಲ್ಲಿ ಇಡಕೂಡದು. ನೆಲದ ಹನಿ ಸಿಡಿಯದಷ್ಟು ಎತ್ತರದಲ್ಲಿ, ಬಯಲಿನಲ್ಲಿ, ಮಳೆ ಆರಂಭವಾದ ಮೇಲೆ ಮುಚ್ಚಳ ತೆಗೆಯಬೇಕು. ಲಿಟ್ಮಸ್ ಸಾಲದು, ಪ್ರಮಾಣ ದ್ರಾವಣಗಳಲ್ಲಿ ಸರಿಹೊಂದಿಸಿದ ಪಿಎಚ್ ಮೀಟರ್ ಬೇಕು. ಮಳೆನೀರಿನಲ್ಲಿ ಕರಗಿದ ಲವಣ ಅತ್ಯಲ್ಪವಾದ್ದರಿಂದ ಮುಳ್ಳು ನಿಲ್ಲಲು ಹೊತ್ತು ಹಿಡಿಯುತ್ತದೆ, ಅವಸರಿಸಬಾರದು. ಮುಂಗಾರಿನ ಮೊದಲ ಮಳೆಗೆ ಧೂಳು ಬೆರೆತಿರುತ್ತದೆ, ಆಷಾಢದ ಮಳೆ ತೊಳೆದ ಗಾಳಿಯದು; ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಸರಾಸರಿ ತೆಗೆಯಬಾರದು. ತಾರೀಖು, ಗಾಳಿಯ ದಿಕ್ಕು, ಮಳೆಯ ಮಿಲಿಮೀಟರ್ ಇವನ್ನು ಪಿಎಚ್‌ನ ಪಕ್ಕದಲ್ಲಿ ಬರೆಯಬೇಕು. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ, ವರ್ಷಕ್ಕೊಮ್ಮೆ, ಗೊಬ್ಬರ ಸೋಂಕದ ಸೊಪ್ಪಿನ ಬೆಟ್ಟದ ಒಂದೇ ಜಾಗದಿಂದ ತೆಗೆದ ಮಣ್ಣಿನ ಪಿಎಚ್ ಮತ್ತು ಕ್ಯಾಲ್ಸಿಯಂ ಪ್ರಮಾಣವನ್ನು ದಾಖಲಿಸಬೇಕು.